ಇಲ್ಲಿ ಪಿನ್ನು ಹೊಡೆಯುವುದಿಲ್ಲ

ದೀಪಾವಳಿ ಹತ್ತಿರ ಬಂದರೆ ನಮ್ಮ ಪಕ್ಕದ ಮನೆಯ ಮಕ್ಕಳು ಗೂಡುದೀಪಕ್ಕೆ ಬಣ್ಣದ ಕಾಗದ ಅಂಟಿಸಲು ಮೈದಾ ಕಾಯಿಸುತ್ತಾರೆ. ಹಿಟ್ಟು ಕುದ್ದು, ಗಟ್ಟಿಯಾಗಿ, ಇನ್ನೇನು ತಳ ಹಿಡಿಯಬೇಕು ಎನ್ನುವಾಗ ಏಳುವ ಆ ಬೆಚ್ಚಗಿನ ವಾಸನೆ ಗೋಡೆ ದಾಟಿ ಬಂದರೆ ಸಾಕು, ಎಪ್ಪತ್ತು ದಾಟಿದ ನಾನು ಕಟಪಾಡಿ ಪೇಟೆಯ ನಮ್ಮ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕೂತುಬಿಡುತ್ತೇನೆ. ಮುಂದೆ ಅಂಗಡಿ, ಹಿಂದೆ ನಮ್ಮ ಮನೆ. ನಡುವೆ ಒಂದು ಗೋಣಿಯ ಪರದೆ. ಅಡುಗೆಯ ಒಲೆಯ ಮೇಲೆಯೇ ಗಂಜಿ ಇಳಿದ ಮೇಲೆ ಅಂಟಿನ ಪಾತ್ರೆ ಏರುತ್ತಿತ್ತು. ಹುಳ ಹಿಡಿಯದಿರಲಿ ಎಂದು ಅಮ್ಮ ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಆ ನೀಲಿ ಯಾವಾಗಲೂ ಉಳಿದಿರುತ್ತಿತ್ತು. ನಿಮ್ಮ ಬಾಲ್ಯದಲ್ಲೂ ಇಂಥದೊಂದು ವಾಸನೆ, ಇಂಥದೊಂದು ಬಣ್ಣ ಇದ್ದೀತು. ಅದು ಹೋದ ಮೇಲೆ ಮನೆ ಎಷ್ಟು ಖಾಲಿಯೆಂದು ನಿಮಗೂ ಗೊತ್ತಿದ್ದೀತು.

ಅಪ್ಪ ಕಾಗದ ಕತ್ತರಿಸುವವರು, ಗೆರೆ ಎಳೆಯುವವರು, ರಟ್ಟು ಕೂಡಿಸುವವರು. ಹೊಲಿಗೆ ಮಾತ್ರ ಅಮ್ಮನದು. ಮರದ ಚೌಕಟ್ಟಿನ ಮುಂದೆ ಕಾಲು ಮಡಚಿ ಕೂತು, ದಾರಕ್ಕೆ ಜೇನುಮೇಣ ಸವರಿ, ಮಡಚಿದ ಹಾಳೆಗಳ ಒಂದೊಂದು ಮಡಿಕೆಯ ಹೊಟ್ಟೆಯೊಳಗೆ ಸೂಜಿ ಹೊಗಿಸಿ ಎಳೆದರೆ ಸರ್ರೆಂದು ಒಂದು ಶಬ್ದ. ಆ ಶಬ್ದದಲ್ಲೇ ನಾವು ಮಕ್ಕಳು ಮಧ್ಯಾಹ್ನ ನಿದ್ದೆ ಹೋಗುತ್ತಿದ್ದೆವು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಮಡಿಕೆಗಳ ಕ್ರಮವನ್ನು ಅಪ್ಪ ನೋಡಿ ಕೊಡುತ್ತಿದ್ದರು, ನಾನು ದೊಡ್ಡವಳಾದ ಮೇಲೆ ನಾನು. ಅಂಗಡಿಯ ಹೊರಗೆ ಒಂದು ಕರಿಹಲಗೆ ಇತ್ತು. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಅದರ ಮೇಲೆ ಬರೆಯುವ ಅಧಿಕಾರ ನನ್ನದಾಗಿತ್ತು. ‘ಗೆರೆ ಎಳೆಯುವ ಯಂತ್ರ ರಿಪೇರಿ ಆಗಿ ಬಂದಿದೆ’, ‘ಮದುವೆ ಕಾಗದ ಮಡಚಿ ಕೊಡಲಾಗುವುದು’, ‘ರಶೀದಿ ಪುಸ್ತಕಕ್ಕೆ ನಂಬರು ಹಾಕಲಾಗುವುದು’ – ಅಪ್ಪ ಹೇಳಿದ್ದನ್ನು ಪ್ರತಿ ಸೋಮವಾರ ಹೊಸದಾಗಿ ಬರೆಯಬೇಕು. ಎದುರಿಗೆ ಬಸ್ಸಿಗೆ ಕಾಯುವವರು ಅದನ್ನು ಓದಿ, “ಎಂತ ಮಾರಾಯ್ರೇ, ಈ ವಾರ ಬೇರೆ ಸುದ್ದಿ ಇಲ್ವಾ?” ಎಂದು ಅಪ್ಪನನ್ನು ಕೆಣಕುತ್ತಿದ್ದರು. ಅಪ್ಪ ನಗುತ್ತಿದ್ದರು.

ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ, ಕಡಲಬದಿಯ ಒಂದು ಶಾಲೆಯ ಲೈಬ್ರರಿ ಪುಸ್ತಕಗಳು ಎತ್ತಿನಗಾಡಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಮಳೆಗಾಲದ ನಮ್ಮ ಅನ್ನ ಆ ಗಾಡಿಯಲ್ಲಿ ಬರುತ್ತಿತ್ತು ಎಂದರೂ ತಪ್ಪಿಲ್ಲ. ನನಗೆ ಹನ್ನೊಂದು ತುಂಬಿದ ವರ್ಷ ಗಾಡಿಯ ಹಿಂದೆಯೇ ಹೆಡ್ಮಾಷ್ಟ್ರೂ ಬಂದರು. ಹೊಸಬರು, ಚುರುಕು ಮನುಷ್ಯ. ಉಡುಪಿಯಲ್ಲಿ ಒಂದು ಕಡೆ ತಂತಿಯ ಪಿನ್ನು ಹೊಡೆಯುವ ಯಂತ್ರ ಬಂದಿದೆ, ನೀವು ಒಂದು ತಿಂಗಳು ಹೊಲಿಯುವುದನ್ನು ಅವರು ಎರಡು ದಿನದಲ್ಲಿ ಮುಗಿಸುತ್ತಾರೆ, ನೀವೂ ಅಂಥದೊಂದು ಯಂತ್ರ ತರುವುದಾದರೆ ಸರಿ, ಇಲ್ಲದಿದ್ದರೆ ಬರುವ ವರ್ಷದಿಂದ ಪುಸ್ತಕ ಅಲ್ಲಿಗೆ, ಎಂದರು. ಅಪ್ಪನ ಮುಖದಲ್ಲಿ ಆಸೆ ಕಂಡಿತು. ಸುಳ್ಳು ಹೇಳುವುದಿಲ್ಲ, ನನಗೂ ಯಂತ್ರ ನೋಡುವ ಆಸೆಯೇ ಆಯಿತು.

ಅಮ್ಮ ಗೋಣಿಯ ಪರದೆ ಸರಿಸಿ ಹೊರಗೆ ಬಂದಳು. ಗಿರಾಕಿಗಳ ಎದುರು ಅವಳು ಹಾಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಮಾಷ್ಟ್ರೇ, ನಮ್ಮದು ಉಪ್ಪಿನ ಗಾಳಿ. ಬಾಗಿಲಿಗೆ ಹೊಡೆದ ಮೊಳೆ ಎರಡು ಮಳೆ ತಾಳುವುದಿಲ್ಲ. ಕಾಗದಕ್ಕೆ ಕಬ್ಬಿಣ ಹೊಡೆದರೆ ಅದು ತುಕ್ಕು ಹಿಡಿದು ಕಾಗದವನ್ನೇ ತಿಂದೀತು.”

ಹೆಡ್ಮಾಷ್ಟ್ರು ಅಪ್ಪನ ಕಡೆಗೇ ನೋಡುತ್ತ ನಕ್ಕರು. “ಓದಲಿಕ್ಕೆ ಬಾರದವರಿಗೆ ಪುಸ್ತಕದ ವಿಷಯ ಎಂತ ಗೊತ್ತುಂಟು?”

“ಒಳಗೆ ಎಂತ ಉಂಟು ಅಂತ ನಿಮಗೆ ಗೊತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಎಂತದು ಅಂತ ನನಗೆ ಗೊತ್ತು,” ಎಂದಳು ಅಮ್ಮ. ದನಿ ಏರಲಿಲ್ಲ. ಆಮೇಲೆ ನನ್ನತ್ತ ತಿರುಗಿ, “ಹಲಗೆ ಒರೆಸು ಮಗಾ, ಬರೆ. ಇಲ್ಲಿ ಪಿನ್ನು ಹೊಡೆಯುವುದಿಲ್ಲ,” ಎಂದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸೀಮೆಸುಣ್ಣ ಹುಡುಕಿ ನನ್ನ ಕೈಗೆ ಕೊಟ್ಟರು. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಪ್ರೀತಿ ಉಕ್ಕುತ್ತದೆ.

ಬಂದ ಪುಸ್ತಕಗಳನ್ನು ಮುಗಿಸಿ ಕೊಡಿ, ಇದೇ ಕೊನೆ, ಎಂದು ಹೇಳಿ ಹೆಡ್ಮಾಷ್ಟ್ರು ಹೋದರು. ಆ ಬೇಸಿಗೆ ಅಮ್ಮ ಹೊಲಿದ ಹಾಗೆ ಮತ್ತೆಂದೂ ಹೊಲಿಯಲಿಲ್ಲ. ಪುಸ್ತಕದ ಬೆನ್ನಿಗೆ, ಮೇಲಿನ ಕ್ಯಾಲಿಕೋ ಬಟ್ಟೆಯ ಅಡಿಯಲ್ಲಿ, ಗಟ್ಟಿಯಾಗಲೆಂದು ಒಂದು ತೆಳು ಬಟ್ಟೆ ಅಂಟಿಸುವುದುಂಟು. ಸಾಮಾನ್ಯವಾಗಿ ಅಪ್ಪನ ಹರಿದ ಪಂಚೆ ಆ ಕೆಲಸಕ್ಕೆ ಸಾಕಾಗುತ್ತಿತ್ತು. ಅದು ಮುಗಿದಾಗ ಅಮ್ಮ ತನ್ನ ಕಂದು ಸೀರೆಯನ್ನು ತಂದಳು. ಹಳದಿ ಚುಕ್ಕಿಗಳ ಆ ಸೀರೆ ಅವಳಿಗಿದ್ದ ಎರಡು ಒಳ್ಳೆಯ ಸೀರೆಗಳಲ್ಲಿ ಒಂದು. ಸೆರಗಿನಿಂದಲೇ ಪರ್ರನೆ ಹರಿದಳು. ಅಪ್ಪ ಗಾಬರಿಯಾಗಿ, “ಒಳಗೆ ಹೋಗುವ ಬಟ್ಟೆ ಮಾರಾಯ್ತೀ, ಯಾರೂ ನೋಡುವುದಿಲ್ಲ!” ಎಂದರು. “ನೋಡಲಿಕ್ಕೆ ಹಾಕುವುದಲ್ಲ,” ಎಂದು ಅವಳು ಮುಂದಿನ ಚೂರು ಹರಿದಳು.

ಗಾಡಿ ಮತ್ತೆ ಬರಲಿಲ್ಲ. ಉಳಿದ ಗಿರಾಕಿಗಳೂ ಒಬ್ಬೊಬ್ಬರಾಗಿ ಯಂತ್ರವಿದ್ದಲ್ಲಿಗೆ ಹೋದರು. ಆದರೂ ಹಲಗೆಯ ಮೇಲಿನ ಆ ಸಾಲನ್ನು ನಾನು ಪ್ರತಿ ಸೋಮವಾರ ತಿದ್ದಿ ಬರೆಯುತ್ತಲೇ ಇದ್ದೆ, ಅಂಗಡಿ ಮುಚ್ಚುವ ದಿನದವರೆಗೆ. ಆಮೇಲೆ ಅಪ್ಪ ಹೋದರು, ಅಮ್ಮ ಹೋದಳು, ರಸ್ತೆ ಅಗಲವಾಗಿ ಆ ಒಲೆಯಿದ್ದ ಜಾಗವೂ ಹೋಯಿತು. ಕಾಲ ಬದಲಾಗಬೇಕು, ಹಟ ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ತುಂಬಲಿಲ್ಲ, ನಿಜ. ನಾನು ಹಸಿದದ್ದೂ ನಿಜ. ಅದಕ್ಕಾಗಿ ಆ ಸಾಲನ್ನು ಅಳಿಸಬೇಕಿತ್ತು ಎಂದು ಮಾತ್ರ ನನ್ನ ಬಾಯಿಂದ ಯಾರೂ ಹೇಳಿಸಲಾರರು.

ಮೊನ್ನೆ ಆ ಶಾಲೆ ಮುಚ್ಚಿತೆಂದು ಕೇಳಿ ಹೋಗಿದ್ದೆ. ಜಗಲಿಯಲ್ಲಿ ಗುಜರಿಯವನು ಲೈಬ್ರರಿ ಪುಸ್ತಕಗಳನ್ನು ರಾಶಿ ಹಾಕಿಕೊಂಡು, ರಟ್ಟು ಬೇರೆ ಕಾಗದ ಬೇರೆ ಎಂದು ಕಿತ್ತು ಹಾಕುತ್ತಿದ್ದ. ಪಿನ್ನಿನ ಪುಸ್ತಕಗಳು ಮುಟ್ಟಿದರೆ ಸಾಕು, ಕಂದು ತುಕ್ಕು ಉದುರಿಸಿಕೊಂಡು ಹಾಳೆಹಾಳೆಯಾಗುತ್ತಿದ್ದವು. ಒಂದನ್ನು ಮಾತ್ರ ಅವನು ಮೊಣಕಾಲು ಕೊಟ್ಟು ಎಳೆದ, ಬೈದ, ಮತ್ತೆ ಎಳೆದ. “ಎಂತ ಇದು ಅಮ್ಮಾ, ಕೀಳಲಿಕ್ಕೇ ಬರುವುದಿಲ್ಲ!” ಎಂದು ನನ್ನ ಕಡೆ ನೋಡಿದ. ಬೆನ್ನಿನ ಕ್ಯಾಲಿಕೋ ಒಂದು ಬೆರಳಗಲ ಹರಿದಿತ್ತು. ಅದರ ಅಡಿಯಲ್ಲಿ ಕಂದು ಬಟ್ಟೆ, ಹಳದಿ ಚುಕ್ಕಿ.

ಆ ಪುಸ್ತಕ ಈಗ ನನ್ನ ಬಳಿ ಇದೆ. ಅದರೊಳಗೆ ಏನಿದೆ ಎಂದು ನಾನು ಇನ್ನೂ ಓದಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಏನೆಂದು ನನಗೆ ಗೊತ್ತು.