ಬೆರಿಲ್ ಇಟ್ಟ ಮೂರು ಚುಕ್ಕೆ

ಇಂಗ್ಲೆಂಡಿನ ನಮ್ಮ ಲಾಂಗ್ಟನ್ ಊರಿನ ಹ್ಯಾಸೆಲ್ ಪಿಂಗಾಣಿ ಕಾರ್ಖಾನೆಯ ಚರಿತ್ರೆ ಬರೆದವರು ಮಾಲೀಕರನ್ನಷ್ಟೇ ಎಣಿಸಿದ್ದಾರೆ. ಮೊದಲು ಹ್ಯಾಸೆಲ್ ಮನೆತನ. ಮೊಮ್ಮಕ್ಕಳು ಕುದುರೆ ಜೂಜಿಗೆ ಬಿದ್ದ ಮೇಲೆ ಪಕ್ಕದ ಬೀದಿಯ ದೊಡ್ಡ ಕಂಪನಿ. ಆಮೇಲೆ ಪಿಂಗಾಣಿ ಸುಡುವ ಆವಿಗೆಯ ಮುಖವನ್ನೇ ಕಾಣದ ಲಂಡನ್ನಿನವರು. ಅವರ ನಂತರ ಕ್ರಿಸ್ಪಿನ್ ಲೇಲ್ ಎಂಬ ಸೂಟುಧಾರಿ.

ಹದಿನೈದರಲ್ಲಿ ಸೇರಿದ ಬೆರಿಲ್ ಬ್ಲೂರ್ ಈ ನಾಲ್ವರ ಕಾಲದಲ್ಲೂ ತಟ್ಟೆಯ ಅಂಚಿಗೆ ಚಿನ್ನದ ಗೆರೆ ಎಳೆದಳು. ಉಸಿರು ಬಿಗಿಹಿಡಿದು ಒಂದೇ ಸುತ್ತು. ಗೆರೆ ಕೂಡಿದ್ದೆಲ್ಲಿ ಎಂದು ಯಾರೂ ಹೇಳಲಾರರು. ಆಮೇಲೆ ತಟ್ಟೆ ಮಗುಚಿ, ಕಾರ್ಖಾನೆಯ ಮುದ್ರೆಯ ಪಕ್ಕ ಕುಂಚದಿಂದ ಮೂರು ಚುಕ್ಕೆ. ಅದು ಅವಳ ಸಹಿ.

ಈ ಊರಿನವರಾದ ನಾವು ಎಲ್ಲಿ ಉಣ್ಣಲು ಕೂತರೂ ಮೊದಲು ತಟ್ಟೆ ಮಗುಚಿ, ಯಾರ ಕೈಯದೆಂದು ಬೆನ್ನು ನೋಡುತ್ತೇವೆ. ಮದುವೆಯಾಗಲಿ, ಸಾವಿನ ಮನೆಯಾಗಲಿ. ಲೇಲ್ ಸಾಹೇಬರಿಗೆ ಇದು ಗೊತ್ತಿರಲಿಲ್ಲ.

ಕಾರ್ಖಾನೆಗೆ ನೂರೈವತ್ತು ತುಂಬಿದ ದಿನ ಅಂಗಳದಲ್ಲಿ ಊಟ. ಅರವತ್ತು ಜನ ಕೂತರು, ಅರವತ್ತು ಹೊಸ ತಟ್ಟೆ ಮಗುಚಿದವು. ಬೆನ್ನ ಮೇಲೆ ಹ್ಯಾಸೆಲ್ ಮುದ್ರೆ, ‘ಇಂಗ್ಲೆಂಡಿನಲ್ಲಿ ತಯಾರಾದದ್ದು’, ಪಕ್ಕದಲ್ಲೇ ಮೂರು ಚುಕ್ಕೆ.

ಬೆರಿಲ್ ಬೆರಳಾಡಿಸಿದಳು. ಕುಂಚದ ಉಬ್ಬಿಲ್ಲ. ಅಚ್ಚು.

“ಡೋರಾ, ಇವನ್ನ ನಾನು ಮುಟ್ಟೇ ಇಲ್ಲ ಕಣೆ.”

“ನಿದ್ದೇಲಿ ಎಳ್ದಿರ್ತೀಯ ಬಿಡೆ,” ಎಂದು ನಕ್ಕಳು ಬಟ್ಟಲಿಗೆ ಹಿಡಿ ಅಂಟಿಸುವ ಡೋರಾ. ತನ್ನ ತಟ್ಟೆಯ ಚುಕ್ಕೆಗಳೂ ಕೂದಲೆಳೆ ವ್ಯತ್ಯಾಸವಿಲ್ಲದೆ ಹಾಗೇ ಇರುವುದು ಕಂಡಾಗ ಅವಳ ನಗು ನಿಂತಿತು.

ಲೇಲ್ ಬಂದ. “ಹೊರದೇಶದಿಂದ ತರಿಸಿದ್ದು. ಚುಕ್ಕೆ ಇದ್ರೆ ಗಿರಾಕಿಗಳಿಗೆ ನಂಬಿಕೆ. ನಿಮಗೂ ಗೌರವ ಅಲ್ವೇ, ಮಿಸೆಸ್ ಬ್ಲೂರ್?”

“ನೋಡು ಡಕ್,” ಎಂದಳು ಬೆರಿಲ್. ಅದು ನಮ್ಮೂರಿನ ಸಲಿಗೆಯ ಕರೆ; ನಮ್ಮಲ್ಲಿ ಪಾದ್ರಿಯೂ ಡಕ್, ಬಸ್ಸಿನವನೂ ಡಕ್. “ಕಾರ್ಖಾನೆ ಕೊಂಡೆ, ಮುದ್ರೆ ನಿಂದಾಯ್ತು. ಚುಕ್ಕೆ ಮಾರಾಟಕ್ಕಿರ್ಲಿಲ್ಲ. ಅಲ್ಲೂ ಒಬ್ಬಳು ಕೂತು ಈ ಗೆರೆ ಎಳ್ದಿದಾಳಲ್ಲ, ಅವಳ ಗುರುತೆಲ್ಲಿ?”

“ಊಟ ಆಗ್ಲಿ, ಆಮೇಲೆ ಮಾತಾಡೋಣ.”

“ಯಾತರಲ್ಲಿ ಉಣ್ಣೋದು?”

ತಟ್ಟೆಯನ್ನು ಬೋರಲಾಗಿಯೇ ಮೇಜಿನ ಮೇಲಿಟ್ಟಳು. ಡೋರಾಳೂ ಹಾಗೇ ಇಟ್ಟಳು. ನೋಡನೋಡುತ್ತ ಅರವತ್ತೂ ಬೋರಲಾದವು. ಬಡಿಸುವವರು ಬಿಸಿ ಮಾಂಸದ ಪಾತ್ರೆ ಹಿಡಿದು ನಿಂತೇ ಇದ್ದರು. ಪತ್ರಿಕೆಯ ಫೋಟೋದವನೂ ನಮ್ಮೂರಿನವನೇ. ಲೇಲನನ್ನು ಬಿಟ್ಟು ತಟ್ಟೆಗಳ ಬೆನ್ನಿನ ಚಿತ್ರ ತೆಗೆದ.

ಚಿತ್ರ ಅಚ್ಚಾದ ವಾರದೊಳಗೆ ಹೊರದೇಶದ ತಟ್ಟೆಗಳಿಂದ ಚುಕ್ಕೆಯೂ ಹೋಯಿತು, ಇಂಗ್ಲೆಂಡೂ ಹೋಯಿತು. ಎರಡು ವರ್ಷಕ್ಕೆ ಲೇಲ್ ಕೂಡ ಮಾರಿಕೊಂಡು ಹೋದ. ಚರಿತ್ರೆಯ ಪುಸ್ತಕದಲ್ಲಿ ಅವನಿಗೆ ಇಡೀ ಒಂದು ಪುಟ, ಬೆರಿಲ್‌ಗೆ ಒಂದು ಸಾಲೂ ಇಲ್ಲ.

ಇರಲಿ. ನನ್ನ ಮನೆಯ ತಟ್ಟೆ ಮಗುಚಿದರೆ ಅವಳು ಸಿಗುತ್ತಾಳೆ: ಮೂರು ಚುಕ್ಕೆ, ಒಂದರಂತೆ ಇನ್ನೊಂದಿಲ್ಲ.