ಜಗಲಿ ಏರಿದ ಮಿಕ್ಸಿ

ನನ್ನ ಮಿಕ್ಸಿಗೆ ಅತ್ತೆ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ನಗಬೇಡಿ, ಮಂಡ್ಯದವರೇ. ಮದುವೆಗೆ ಅಪ್ಪ ಕೊಡಿಸಿದ ಮಿಕ್ಸಿ ಮೊರಬದ ಗಂಡನ ಮನೆಯಲ್ಲಿ ಜಗಲಿ ಏರಿ ಕೂತಿತ್ತು. ನಮ್ಮಲ್ಲಿ ಜಗಲಿ ಎಂದರೆ ಮನೆಮುಂದೆ ಹರಟೆಗೆ ಕೂರುವ ಕಟ್ಟೆ. ಇಲ್ಲಿ ಒಳಗೆ ದೇವರನ್ನಿಡುವ ಕಟ್ಟೆ.

ಬಂದ ದಿನದಿಂದಲೇ ನನ್ನ ಬಾಯಿಗೆ ಕಾವಲು. ಐರನ್ ಬಾಕ್ಸ್ ಎಂದರೆ ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಅದು ಇಸ್ತ್ರಿಯಂತೆ. ಟಾರ್ಚ್ ಅಲ್ಲ, ಬ್ಯಾಟರಿ. ಮಿಕ್ಸಿ ಅಲ್ಲ, ಮಿಕ್ಸರ್. ಓಣಿಗೆಲ್ಲ ಇದೊಂದೇ ಮಿಕ್ಸಿ, ಆದರೂ ಅದರ ಹೆಸರು ಮಾತ್ರ ಇವರಿಗೇ ಗೊತ್ತು! ಇಂಗ್ಲಿಷೇನು ಇವರಪ್ಪನ ಮನೆ ಆಸ್ತಿಯೇ? ಮೈಯೆಲ್ಲ ಉರಿಯುತ್ತಿತ್ತು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಗಂಡನೂ ಮಿಕ್ಸರ್ ಎಂದೇ ಅನ್ನುತ್ತಿದ್ದರು.

ಅತ್ತೆಗೆ ಮಿಕ್ಸಿಯ ಸದ್ದೇ ಆಗದು. ಒರಳಲ್ಲಿ ಕುಟ್ಟಿದರೇ ಶೇಂಗಾ ಚಟ್ನಿ ಎಣ್ಣೆ ಬಿಡುತ್ತದೆ ಎಂಬುದು ಅವರ ಹಟ. ನಾನೇನು ಕಮ್ಮಿ? ದಿನಾ ಗುರ್ರೆನ್ನಿಸಿದೆ. ಆ ಅಡುಗೆಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮಹಾನವಮಿಗೆ ಖಂಡೆ ಪೂಜೆ ಬಂತು, ನಮ್ಮ ಆಯುಧಪೂಜೆ. ಕುಡಗೋಲು, ಕೊಡಲಿಗಳ ಜೊತೆ ಅತ್ತೆ ಮಿಕ್ಸಿಯನ್ನೂ ಜಗಲಿಗೇರಿಸಿ ಚೆಂಡುಹೂ ಇಟ್ಟರು. ಕೊನೆಗೂ ಒಪ್ಪಿಕೊಂಡರಲ್ಲ ಎಂದು ನನಗೆ ಕಣ್ಣು ತುಂಬಿತು. ಬನ್ನಿ ಹಬ್ಬ ಮುಗಿದ ಮರುದಿನ ಕುಡಗೋಲು ಇಳಿಯಿತು, ಕೊಡಲಿ ಇಳಿಯಿತು. ನಾನು ಮಿಕ್ಸಿಗೆ ಕೈ ಹಾಕಿದೆ.

“ಅದನ್ನ ಮುಟ್ಟಬ್ಯಾಡ,” ಎಂದರು ಅತ್ತೆ. “ದೇವರ ಕೂಡ ಕುಂತೈತಿ, ಕುಂದರ್ಲಿ.”

ಎಂಥ ಕಿಲಾಡಿ ಮುದುಕಿ! ದೇವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದರು. ನಾನು ಒರಳ ಮುಂದೆ ಕೂತೆ.

ಯುಗಾದಿಗೆ ತವರಿಗೆ ಬಂದೆನಲ್ಲ, ಅತ್ತಿಗೆ ಕಾಯಿ ರುಬ್ಬುತ್ತಿದ್ದಳು. ಸದ್ದು ತಾಳದೆ, ಮಿಕ್ಸರ್ ಬಂದ್ ಮಾಡ್ರಿ ಎಂದುಬಿಟ್ಟೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಹೊರಡುವತನಕ ಅಣ್ಣ ನನ್ನನ್ನು ಮಿಕ್ಸರ್ ಗೌರಿ ಎಂದೇ ಕರೆದ. ಸಿಟ್ಟಿಗೆ ಅಳುವೇ ಬಂತು.

ಮೊರಬಕ್ಕೆ ಮರಳಿದವಳೇ ಮಿಕ್ಸಿ ಇಳಿಸಿ, ವಿಭೂತಿ ಒರೆಸಿ, ಶೇಂಗಾ ಚಟ್ನಿ ಮಾಡಿದೆ. ಅತ್ತೆ ಬೈಯಲಿಲ್ಲ. ಉಳ್ಳಾಗಡ್ಡಿ, ಅಂದರೆ ನಮ್ಮ ಈರುಳ್ಳಿ, ಗುದ್ದಿಕೊಂಡು ಅದರಲ್ಲೇ ರೊಟ್ಟಿ ಉಂಡು ಎದ್ದರು. ಗಂಡನೂ ಉಳ್ಳಾಗಡ್ಡಿಗೇ ಕೈ ಹಾಕಿದರು. ನನ್ನ ಚಟ್ನಿ ನಾನೊಬ್ಬಳೇ ತಿಂದೆ. ಕುಟ್ಟಿದ ಚಟ್ನಿಯ ರುಚಿ ಅದಕ್ಕಿರಲಿಲ್ಲ. ಸತ್ತರೂ ಇದನ್ನು ಅತ್ತೆಗೆ ಹೇಳಲಾರೆ.

ಈಗ ಮಿಕ್ಸಿ ಅಡುಗೆಮನೆಯಲ್ಲೇ ಇದೆ. ಈ ಓಣಿಗೆ ನಾನು ಮಿಕ್ಸಿ ಸೊಸಿ, ನಿಮಗೆ ಮಿಕ್ಸರ್ ಗೌರಿ. ಎರಡೂ ಊರಿನ ಬಾಯಿಗೆ ಮಣ್ಣು ಬೀಳಲಿ.