ಆರು ಪೆಟ್ಟಿಗೆಗೆ ಮೂರೇ ಸಾಲು

ಅಂಗಡಿ ಬೋರ್ಡುಗಳ ಮೇಲೆ ಕುಂಚದಲ್ಲಿ ಅಕ್ಷರ ಬರೆದು ಮೂವತ್ತು ವರ್ಷ ತಳ್ಳಿದವನು. ಎಲ್ಲರೂ ಬೋರ್ಡಪ್ಪ ಅಂತಲೇ ಕರೆಯುತ್ತಿದ್ದರು. ಮೊದಲು ಏನು ಬರೆಯಬೇಕು ಅಂತ ಕೇಳೋನು. ಅಕ್ಷರ ಎಣಿಸೋನು. ಆಮೇಲೆ ಹಲಗೆ ಕೊಯ್ಯಿಸೋನು. ಪ್ರಿಂಟಿಂಗ್ ಮೆಷಿನ್ನು ಬಂತು, ಕುಂಚ ಒಣಗಿತು.

ವೆಬ್‌ಸೈಟ್ ಮಾಡುವ ಸೋದರಳಿಯ ಕರೆದ. "ಬಾ ಮಾವ, ಬರೆಯೋ ಕೆಲಸ ನಿಂದು. ಮೊದಲ ಗಿರಾಕಿ ಒಪ್ಪಿದ್ರೆ ಕುರ್ಚಿ ಖಾಯಂ. ಇಲ್ದಿದ್ರೆ ಮನೆ."

ಗಿರಾಕಿ ಲಿಫ್ಟ್ ರಿಪೇರಿಯವನು. ಅಳಿಯ ಆಗಲೇ ಪುಟದ ಅಂದಚೆಂದ ಮುಗಿಸಿದ್ದ. ಪರದೆ ತುಂಬ ಮೋಡ. ಮೋಡದ ಮೇಲೆ ಆರು ಪೆಟ್ಟಿಗೆ. ಒಂದೊಂದರಲ್ಲೂ 'ಇಲ್ಲಿ ಬರಹ ಬರುತ್ತದೆ'.

"ಏನು ಬರಹ?"

"ಏನಾದ್ರೂ. ಐವತ್ತೈವತ್ತು ಪದ ತುಂಬು. ನಮ್ಮ ಕನಸು, ನಮ್ಮ ಹಾದಿ..."

"ಲಿಫ್ಟಿನವನಿಗೆ ಎಂಥಾ ಹಾದಿ ಕಣೋ? ಮೇಲೆ, ಕೆಳಗೆ. ಅಷ್ಟೇ."

ಬೋರ್ಡಪ್ಪ ರಿಪೇರಿ ಅಂಗಡಿಗೆ ಹೋಗಿ ಎರಡು ದಿನ ಫೋನಿನ ಪಕ್ಕ ಕೂತ. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ. ಒಳಗೆ ಸಿಕ್ಕೊಂಡಿದೀವಿ, ಏನು ಮಾಡೋದು, ಯಾವಾಗ ಬರ್ತೀರಿ. ಮೂರು ಸಾಲು ಬರೆದುಕೊಂಡು ಬಂದ.

ಅಳಿಯ ಮುಖ ಗಂಟು ಹಾಕಿದ. "ಮಿಕ್ಕ ಪೆಟ್ಟಿಗೆ?"

"ಒಡೆದು ಹಾಕು."

"ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದೀನಿ!"

"ಕಾಲು ನೋಡದೆ ಚಪ್ಪಲಿ ಹೊಲಿದೋನು ನೀನು. ಈಗ ಕಾಲಿಗೆ ಬೈದರೆ?"

ಸಿಟ್ಟಿಗೆ ಅಳಿಯ ತಾನೇ ಆರೂ ತುಂಬಿದ. ಪದ ಸಾಲದೆ 'ನಿಷ್ಠೆ'ಯನ್ನು ಹನ್ನೊಂದು ಸಲ ಹಾಕಿದ.

ಲಿಫ್ಟಿನವನು ಬಂದ. ಮೋಡ ನೋಡಿ "ಆಹಾ" ಅಂದ. ಬೋರ್ಡಪ್ಪ, ಕುರ್ಚಿ ಹೋಯಿತು ಅಂದುಕೊಂಡು ಎದ್ದು ಬಾಗಿಲತ್ತ ಹೊರಟ. ಅಷ್ಟರಲ್ಲಿ ಲಿಫ್ಟಿನವನು ಪರದೆಗೆ ಮೂಗು ತಾಗಿಸಿದ.

"ನನ್ನ ಫೋನ್ ನಂಬರೆಲ್ಲಿ?"

"ಆರನೇದರ ಕೊನೇಲಿ ಸಾರ್," ಅಂದ ಅಳಿಯ. ಬಿಳಿ ಮೋಡದ ಮೇಲೆ ಬಿಳಿ ಅಂಕಿ.

"ಒಳಗೆ ಸಿಕ್ಕೊಂಡೋನು ನಿಮ್ಮ ನಿಷ್ಠೆ ಓದ್ತಾ ನಿಂತಿರ್ಬೇಕಾ?"

ಬೋರ್ಡಪ್ಪ ವಾಪಸು ಬಂದು ತನ್ನ ಚೀಟಿ ಕೊಟ್ಟ. 'ಬಾಗಿಲು ಎಳೆಯಬೇಡಿ. ಈ ನಂಬರಿಗೆ ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ಬರ್ತೀವಿ.' ಲಿಫ್ಟಿನವನು ಎರಡು ಸಲ ಓದಿದ.

"ದಿನಾ ಗಂಟಲು ಹರ್ಕೊಂಡು ಹೇಳೋದು ಇದನ್ನೇ! ಇದನ್ನ ದೊಡ್ಡದಾಗಿ ಹಾಕಿ. ಮೋಡ ಹಿಂದೆ ಇದ್ರೆ ಇರ್ಲಿ."

ಅಳಿಯ ಆರೂ ಪೆಟ್ಟಿಗೆ ಅಳಿಸಿದ. "ಇನ್ಮೇಲೆ ಮೊದಲು ನೀನು ಬರಿ, ಮಾವ."

ಮನೆಯಲ್ಲಿ ಬೋರ್ಡಪ್ಪನ ಹೆಂಡತಿ ನಂಬಲಿಲ್ಲ. "ಎರಡು ದಿನಕ್ಕೆ ಮೂರು ಸಾಲು? ಅದಕ್ಕೊಂದು ಕುರ್ಚಿ ಬೇರೆ ಕೇಡು!"

"ಮೂರಕ್ಕೆ ಇಳಿಸೋದೇ ಕಷ್ಟ ಕಣೆ. ನೀನಾಗಿದ್ರೆ ಆರು ಪೆಟ್ಟಿಗೆ ಸಾಲ್ತಿರಲಿಲ್ಲ."

ಬೋರ್ಡಪ್ಪ ಆ ಕುರ್ಚಿಯಲ್ಲಿ ಏಳು ವರ್ಷ ಕೂತ, ಸಾಯುವ ಹಿಂದಿನ ದಿನದವರೆಗೂ. ಅಳಿಯ ಅದರಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ.